ಗಣಕಯಂತ್ರದಲ್ಲಿ ಕಡತ ಉಳಿಸುವಿಕೆ: ಬಫರ್ ಬರವಣಿಗೆಯ ಕುರಿತು ಮಾಹಿತಿ

1. ಪೀಠಿಕೆ

'ಭೂಮಿ' ಯೋಜನೆಯಡಿ 2002ರ ವೇಳೆಗೆ ರಾಜ್ಯದ 177 ತಾಲ್ಲೂಕುಗಳಲ್ಲಿ ಪಹಣಿಗಳನ್ನು ಗಣಕೀಕರಿಸಲಾಯಿತು. ಬೀದರ್, ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳೂ ಇದರಲ್ಲಿ ಸೇರಿದ್ದವು. ಅಲ್ಲಿಂದೀಚೆಗೆ ರೈತರ ಹಕ್ಕುದಾಖಲೆಯು ಕೈಬರಹದ ವಹಿಯ ಬದಲು ಡಿಸ್ಕಿನಲ್ಲಿ ಇರುತ್ತದೆ. ಆದುದರಿಂದ ದತ್ತಾಂಶವು ಡಿಸ್ಕನ್ನು ನಿಜವಾಗಿ ತಲುಪುವುದು ಯಾವಾಗ ಎಂಬುದನ್ನು ಸಿಬ್ಬಂದಿಯೂ ಸಾರ್ವಜನಿಕರೂ ಅರಿತಿರುವುದು ಅವಶ್ಯಕ.

2. 'ಉಳಿಸಲಾಗಿದೆ' ಎಂಬುದರ ಅರ್ಥ

ಕಾರ್ಯಾಚರಣಾ ವ್ಯವಸ್ಥೆಯ ತಿರುಳಿಗೆ ಕರ್ನಲ್ ಎಂದು ಹೆಸರು. ತಂತ್ರಾಂಶವು ಕಡತಕ್ಕೆ ಬರೆಯಲು ಕೋರಿದಾಗ ಕರ್ನಲ್ ಆ ದತ್ತಾಂಶವನ್ನು ಸಾಮಾನ್ಯವಾಗಿ ಕೂಡಲೇ ಡಿಸ್ಕಿಗೆ ಬರೆಯುವುದಿಲ್ಲ. ಅದನ್ನು ರ್ಯಾಮ್‌ನಲ್ಲಿರುವ ಪೇಜ್ ಕ್ಯಾಶ್‌ಗೆ ನಕಲಿಸಿ, ಸಂಬಂಧಿಸಿದ ಪುಟವನ್ನು 'ಡರ್ಟಿ', ಅಂದರೆ ಬರೆಯಲು ಬಾಕಿ, ಎಂದು ಗುರುತಿಸಿ, ಕಾರ್ಯ ಮುಗಿದಂತೆ ಉತ್ತರ ನೀಡುತ್ತದೆ. ಸಾಮಾನ್ಯ ಗಣಕಯಂತ್ರಗಳಲ್ಲಿ ಒಂದು ಪುಟದ ಅಳತೆ 4096 ಬೈಟ್. ಡಿಸ್ಕು ರ್ಯಾಮ್‌ಗಿಂತ ಬಹುಪಾಲು ನಿಧಾನವಾಗಿರುವುದರಿಂದ ಈ ಕ್ರಮ ಅನುಸರಿಸಲಾಗಿದೆ. ಚಿಕ್ಕ ಬರವಣಿಗೆಗಳನ್ನು ಒಟ್ಟುಗೂಡಿಸಿ ಒಮ್ಮೆಗೇ ಬರೆಯುವುದರಿಂದ ವೇಗ ಹೆಚ್ಚುತ್ತದೆ.

3. ಡಿಸ್ಕಿಗೆ ಬರೆಯುವ ಕಾಲ

ಲಿನಕ್ಸ್‌ನ ಪೂರ್ವನಿಗದಿತ ವ್ಯವಸ್ಥೆ ಈ ಕೆಳಕಂಡಂತಿದೆ:

ಅ) ಪ್ರತಿ 5 ಸೆಕೆಂಡಿಗೊಮ್ಮೆ ಬಾಕಿ ಪುಟಗಳ ಪರಿಶೀಲನೆ ನಡೆಯುತ್ತದೆ.
ಆ) 30 ಸೆಕೆಂಡಿಗೂ ಹಳೆಯದಾದ ಬಾಕಿ ಪುಟಗಳನ್ನು ಡಿಸ್ಕಿಗೆ ಕಳುಹಿಸಲಾಗುತ್ತದೆ.
ಇ) ಬಾಕಿ ಪುಟಗಳು ಲಭ್ಯ ಸ್ಮೃತಿಯ ಶೇ. 10ನ್ನು ಮೀರಿದಲ್ಲಿ ಹಿನ್ನೆಲೆಯಲ್ಲಿ ಬರವಣಿಗೆ ಆರಂಭವಾಗುತ್ತದೆ. ಶೇ. 20ನ್ನು ಮೀರಿದಲ್ಲಿ ಬರೆಯುವ ತಂತ್ರಾಂಶವನ್ನೇ ತಡೆದು ನಿಲ್ಲಿಸಲಾಗುತ್ತದೆ.

ವಿಂಡೋಸ್‌ನಲ್ಲಿ 'ಲೇಜಿ ರೈಟರ್' ಎಂಬ ಘಟಕವು ಇದೇ ಕಾರ್ಯವನ್ನು ನಿರ್ವಹಿಸುತ್ತದೆ. ಅದು ಇತ್ತೀಚೆಗೆ ಬರೆಯದೇ ಉಳಿದ ಪುಟಗಳ ಎಂಟನೇ ಒಂದು ಭಾಗವನ್ನು ಪ್ರತಿ ಸೆಕೆಂಡಿಗೆ ಬರವಣಿಗೆಯ ಸರದಿಗೆ ಸೇರಿಸುತ್ತದೆ.

ಈ ಅವಧಿಯೊಳಗೆ ವಿದ್ಯುತ್ ಕಡಿತಗೊಂಡಲ್ಲಿ ರ್ಯಾಮ್‌ನಲ್ಲಿದ್ದ ಬಾಕಿ ದತ್ತಾಂಶ ಅಳಿದುಹೋಗುತ್ತದೆ. ಪರದೆಯ ಮೇಲೆ 'ಉಳಿಸಲಾಗಿದೆ' ಎಂದು ಕಂಡಿದ್ದರೂ ಇದರಲ್ಲಿ ವ್ಯತ್ಯಾಸವಿಲ್ಲ.

4. ರಕ್ಷಣೆಯ ಕ್ರಮ

ದತ್ತಾಂಶವು ಡಿಸ್ಕನ್ನು ತಲುಪುವವರೆಗೆ ಕಾಯಬೇಕೆಂದು ತಂತ್ರಾಂಶವು ಕರ್ನಲ್‌ಗೆ ಆದೇಶಿಸಬಹುದು. ಲಿನಕ್ಸ್‌ನಲ್ಲಿ ಇದಕ್ಕೆ 'ಎಫ್‌ಸಿಂಕ್', ವಿಂಡೋಸ್‌ನಲ್ಲಿ 'ಫ್ಲಶ್ ಫೈಲ್ ಬಫರ್ಸ್' ಎಂದು ಹೆಸರು. ದತ್ತಸಂಚಯ ತಂತ್ರಾಂಶಗಳು ವ್ಯವಹಾರವನ್ನು ಮೊದಲು ಲಾಗ್ ಕಡತದಲ್ಲಿ ಬರೆದು, ಈ ಆದೇಶ ಪೂರೈಸಿದ ನಂತರವೇ ದೃಢೀಕರಿಸುತ್ತವೆ. ಅಂಗಡಿ ಲೆಕ್ಕದಲ್ಲಿ ಮೊದಲು ಕಿರ್ದಿಗೆ ಬರೆದು ಬಳಿಕ ಖತಾವಣಿಗೆ ಏರಿಸುವಂತೆಯೇ ಇದು. ಖತಾವಣಿ ಅಪೂರ್ಣವಾಗಿ ಉಳಿದರೂ ಕಿರ್ದಿಯಿಂದ ಅದನ್ನು ಪೂರ್ಣಗೊಳಿಸಬಹುದು.

ಈ ಆದೇಶವು ವಿಫಲವಾದಲ್ಲಿ ಅದನ್ನು ನಿರ್ಲಕ್ಷಿಸತಕ್ಕದ್ದಲ್ಲ. ಲಿನಕ್ಸ್‌ನಲ್ಲಿ ವಿಫಲ ಎಫ್‌ಸಿಂಕ್‌ನ ನಂತರ ಮತ್ತೊಮ್ಮೆ ಯತ್ನಿಸಿದಾಗ, ದತ್ತಾಂಶ ನಷ್ಟವಾಗಿದ್ದರೂ 'ಸಫಲ' ಎಂಬ ಉತ್ತರ ಬರಬಹುದೆಂಬುದು 2018ರಲ್ಲಿ ಪೋಸ್ಟ್‌ಗ್ರೆಸ್ ದತ್ತಸಂಚಯದ ಅಭಿವೃದ್ಧಿಗಾರರ ಗಮನಕ್ಕೆ ಬಂದಿತು. 2019ರ ಆವೃತ್ತಿಗಳಿಂದ ಆ ತಂತ್ರಾಂಶವು ಇಂತಹ ಸಂದರ್ಭದಲ್ಲಿ ಕಾರ್ಯ ಸ್ಥಗಿತಗೊಳಿಸಿ, ಲಾಗ್‌ನಿಂದ ದತ್ತಾಂಶವನ್ನು ಪುನಃ ಸ್ಥಾಪಿಸುತ್ತದೆ.

5. ಗಮನಿಸಬೇಕಾದ ಅಂಶಗಳು

ಅ) ದತ್ತಸಂಚಯದಲ್ಲಿ ದೃಢೀಕೃತವಾದ ನೋಂದಣಿ ಸಾಮಾನ್ಯವಾಗಿ ಸುರಕ್ಷಿತ. ದೃಢೀಕರಣಕ್ಕೆ ಮುನ್ನ ವಿದ್ಯುತ್ ಹೋದಲ್ಲಿ ನೋಂದಣಿ ರದ್ದಾಗುತ್ತದೆ. ಆದುದರಿಂದ ಅರ್ಜಿದಾರರು ಸ್ವೀಕೃತಿಯನ್ನು ಪಡೆದ ನಂತರವೇ ಕಛೇರಿಯಿಂದ ತೆರಳುವುದು ಸೂಕ್ತ. ಔರಾದ್ ಅಥವಾ ಭಾಲ್ಕಿ ತಾಲ್ಲೂಕಿನ ದೂರದ ಗ್ರಾಮಗಳಿಂದ ಬರುವವರಿಗೆ ಎರಡನೇ ಬಾರಿ ಬರುವ ವೆಚ್ಚ ಮತ್ತು ಒಂದು ದಿನದ ಕೂಲಿ ಇದರಿಂದ ಉಳಿಯುತ್ತದೆ.
ಆ) 'ನುಡಿ'ಯಲ್ಲಿ ಬೆರಳಚ್ಚು ಮಾಡಿದ ಪತ್ರ ಮುಂತಾದ ಸಾಮಾನ್ಯ ಕಡತಗಳಿಗೆ ಇಂತಹ ಭರವಸೆ ಇರುವುದಿಲ್ಲ. ಕಡತ ಉಳಿಸಿದ ಕೂಡಲೇ ಗಣಕಯಂತ್ರದ ವಿದ್ಯುತ್ ಸಂಪರ್ಕ ತೆಗೆಯಬಾರದು.
ಇ) ಯುಪಿಎಸ್ ಎಚ್ಚರಿಕೆಯ ಧ್ವನಿ ಕೇಳಿಬಂದಲ್ಲಿ ಕೆಲಸ ಮುಂದುವರಿಸದೆ, ಗಣಕಯಂತ್ರವನ್ನು ಕ್ರಮಬದ್ಧವಾಗಿ ಸ್ಥಗಿತಗೊಳಿಸತಕ್ಕದ್ದು. ಸ್ಥಗಿತಗೊಳ್ಳುವಾಗ ಕರ್ನಲ್ ಬಾಕಿ ಪುಟಗಳನ್ನೆಲ್ಲ ಡಿಸ್ಕಿಗೆ ಬರೆಯುತ್ತದೆ.
ಈ) ಪೆನ್‌ಡ್ರೈವನ್ನು 'ಸುರಕ್ಷಿತವಾಗಿ ತೆಗೆಯಿರಿ' ಎಂಬ ಆಯ್ಕೆ ಬಳಸಿದ ನಂತರವೇ ಹೊರತೆಗೆಯತಕ್ಕದ್ದು.
ಉ) ಡಿಸ್ಕೇ ಕೆಟ್ಟಲ್ಲಿ ಮೇಲ್ಕಂಡ ಯಾವ ಕ್ರಮವೂ ನೆರವಾಗದು. ಪ್ರತ್ಯೇಕ ಸ್ಥಳದಲ್ಲಿ ಬ್ಯಾಕಪ್ ಪ್ರತಿ ಇರಿಸುವುದು ಕಡ್ಡಾಯವೆಂದು ಭಾವಿಸತಕ್ಕದ್ದು.