ನಮ್ಮ ಮೇನ್ ರೋಡಿನ ಕೆಳಗ ಏನದ?

(1/5)
ಯಾದಗಿರಿಯ ಗಾಂಧಿ ಚೌಕ ಇರಲಿ, ಶಹಾಪುರದ ಬಸ್ ಸ್ಟ್ಯಾಂಡ್ ಮುಂದಿನ ರಸ್ತೆ ಇರಲಿ, ಸುರಪುರದಿಂದ ರಂಗಂಪೇಟೆಗೆ ಹೋಗೋ ಹಾದಿ ಇರಲಿ, ರಸ್ತೆ ಅಗೆದದ್ದು ಕಂಡ್ರೆ ನಮಗೆ ಮೊದಲು ಬರೋದು ಸಿಟ್ಟು. ಮೊನ್ನೆ ಡಾಂಬರ್ ಹಾಕಿದ್ರು, ಇವತ್ತು ಜೆಸಿಬಿ ಬಂತು. ಅಂಗಡಿಗೆ ಗಿರಾಕಿ ಬರಂಗಿಲ್ಲ, ಮನೆ ತುಂಬ ಧೂಳು, ನಳದಾಗ ಕೆಂಪು ನೀರು.

ಸಿಟ್ಟು ಖರೇನ. ಆದರೂ ತಗ್ಗು ಮುಚ್ಚೋದರೊಳಗ ಒಮ್ಮೆ ಬಗ್ಗಿ ನೋಡ್ರಿ. ಕುಡಿಯೋ ನೀರಿನ ಪೈಪು, ಹೊಲಸು ನೀರು ಹೊರುವ ಒಳಚರಂಡಿ, ಫೋನ್ ಮತ್ತು ಇಂಟರ್ನೆಟ್ ಕೇಬಲ್ಲು. ಊರಿನ ಆರೋಗ್ಯ ನಿಂತಿರೋದು ಇವುಗಳ ಮೇಲೆ. ರಸ್ತೆ ಅನ್ನೋದು ಇವುಗಳ ಮೇಲಿನ ಮುಚ್ಚಳ. ಮುಚ್ಚಳ ಮೊದಲು ಹಾಕಿ ಆಮೇಲೆ ಅಡಿಗಿ ಮಾಡಾಕ ಹೊರಟರೆ ಏನಾಗ್ತದೋ ಅದೇ ನಮ್ಮ ಊರುಗಳಲ್ಲಿ ಆಗ್ತಿರೋದು. ನಮ್ಮ ಸೀಮೆಯಲ್ಲೇ ಇದನ್ನು ಸರಿಯಾದ ಕ್ರಮದಲ್ಲಿ ಮಾಡಿದ ಜನ ಇದ್ದರು. ಅವರ ಕಥೆ ಕೇಳ್ರಿ.

(2/5)
ಯಾದಗಿರಿ, ಶಹಾಪುರ, ಸುರಪುರದ ಸೀಮೆ ಮೊದಲು ಬಹಮನಿಗಳ ಕೈಯಾಗ, ಆಮೇಲೆ ವಿಜಯಪುರದ ಆದಿಲ್‌ಶಾಹಿಗಳ ಕೈಯಾಗ ಇತ್ತು. ಈ ಎರಡೂ ರಾಜ್ಯಗಳ ರಾಜಧಾನಿಗಳಲ್ಲಿ ನೀರು ಹರಿದದ್ದು ನೆಲದ ಕೆಳಗೆ.

ಬೀದರ್ ಪಕ್ಕದ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಅದ. ನಮ್ಮ ಜನ ಅದಕ್ಕೆ ಸುರಂಗ ಬಾವಿ ಅಂತಾರೆ. ಎರಡು ಕಿಲೋಮೀಟರಿಗೂ ಉದ್ದದ ಸುರಂಗ. ಪಂಪ್ ಇಲ್ಲ, ಕರೆಂಟ್ ಇಲ್ಲ. ನೆಲದ ಇಳಿಜಾರು ಹಿಡಿದು ನೀರು ತಾನೇ ಬರ್ತದ. ದಾರಿಯುದ್ದಕ್ಕೂ ಮೇಲಿನಿಂದ 20ಕ್ಕೂ ಹೆಚ್ಚು ಬಾವಿ ಬಾಯಿಗಳು ಅವ. ಗಾಳಿ ಬೆಳಕಿಗೂ ಅವೇ, ಒಳಗೆ ಇಳಿದು ಹೂಳು ತೆಗೆಯೋದಕ್ಕೂ ಅವೇ. ಅಂದರೆ ಕಟ್ಟುವಾಗಲೇ ರಿಪೇರಿಯ ದಾರಿ ಬಿಟ್ಟಿದ್ದರು. ನಡುವೆ ಬಹಳ ಕಾಲ ಮರೆತು ಹೋಗಿ ಹೂಳು ತುಂಬಿದ್ದ ಈ ಸುರಂಗವನ್ನು ನಮ್ಮ ಕಾಲದಲ್ಲಿ ಮತ್ತೆ ಸ್ವಚ್ಛ ಮಾಡಲು ಆಗಿದ್ದೇ ಆ ಬಾಯಿಗಳಿಂದ.

ವಿಜಯಪುರದಲ್ಲಿ ತೊರವಿ ಕಡೆಯಿಂದ ಸುರಂಗದ ನೀರು ಬರ್ತಿತ್ತು. 1651ರಲ್ಲಿ ಮುಹಮ್ಮದ್ ಆದಿಲ್‌ಶಾಹನ ಕಾಲಕ್ಕೆ ಬೇಗಂ ತಲಾಬ್ ಆಯಿತು. ಅಲ್ಲಿಂದ ಊರೊಳಗೆ ಮಣ್ಣಿನ ಕೊಳವೆಗಳಲ್ಲಿ ನೀರು. ಕೊಳವೆ ಒಡೆಯಬಾರದು ಅಂತ ಸುತ್ತಲೂ ಗಾರೆ-ಕಲ್ಲಿನ ಕಟ್ಟಡ. ಊರಲ್ಲಿ ಅಲ್ಲಲ್ಲಿ ಚೌಕಾಕಾರದ ಗೋಪುರಗಳು ನಿಂತಾವ, ಗಂಜ್ ಅಂತ ಕರೀತಾರೆ. ನೀರು ಅದರೊಳಗೆ ಏರಿ ನಿಂತು, ಕೆಸರು ತಳಕ್ಕೆ ಕೂತು, ಒತ್ತಡ ಹದಕ್ಕೆ ಬಂದು ಮುಂದೆ ಹೋಗ್ತಿತ್ತು. ಗೋಲಗುಮ್ಮಟ ನೋಡಾಕ ಹೋದಾಗ ಒಂದು ಗಂಜ್‌ನ ಮುಂದೆಯೂ ಎರಡು ನಿಮಿಷ ನಿಲ್ರಿ.

(3/5)
ಹಂಗಾದ್ರ ನಮ್ಮ ಮೂರು ಊರಿಗೆ ಇಂಥದ್ದು ಯಾಕ ಬರಲಿಲ್ಲ? ಒಂದು ಕಾರಣ ಕಲ್ಲು. ಬೀದರದ ಕೆಳಗಿರೋದು ಮೆತ್ತಗಿನ ಕೆಂಪು ಜಂಬಿಟ್ಟಿಗೆ. ಸುರಂಗ ಕೊರೆಯಬಹುದು, ನೀರೂ ಜಿನುಗ್ತದ. ಯಾದಗಿರಿ ಕೋಟೆಯ ಗುಡ್ಡ, ಶಹಾಪುರದ ಮಲಗಿದ ಬುದ್ಧನ ಗುಡ್ಡ, ಸುರಪುರದ ಬೆಟ್ಟಗಳು ಎಲ್ಲ ಗಟ್ಟಿ ಗ್ರಾನೈಟ್ ಬಂಡೆ. ಇಲ್ಲಿಯ ಜಾಣತನ ಕೆರೆ, ಬಾವಿ, ಬಂಡೆಯ ಹೊಂಡಗಳಲ್ಲಿ ಅದ. ಸುರಪುರ ಹತ್ತಿರದ ಬೋನಾಳ ಕೆರೆ ಅದಕ್ಕೆ ಸಾಕ್ಷಿ. ನಾಯಕರ ಕಾಲದ ಆ ಕೆರೆಯನ್ನು ಮೆಡೋಸ್ ಟೇಲರ್ ಮತ್ತೆ ಕಟ್ಟಿಸಿದ. 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರದಲ್ಲಿದ್ದ ಇಂಗ್ಲಿಷ್ ಅಧಿಕಾರಿ ಆತ. ಇವತ್ತು ಆ ಕೆರೆ ಹಕ್ಕಿಗಳ ತಾಣ.

ಇನ್ನೊಂದು ಕಾರಣ ರಾಜಕೀಯ. 1858ರ ಫೆಬ್ರವರಿಯಲ್ಲಿ ರಾಜಾ ವೆಂಕಟಪ್ಪ ನಾಯಕ ಇಂಗ್ಲಿಷರ ಮೇಲೆ ಎದ್ದು ನಿಂತ. ಸುರಪುರ ಬಿತ್ತು. ಅದೇ ವರ್ಷದ ಬೇಸಿಗೆಯಲ್ಲಿ ಲಂಡನ್ನಿನ ಥೇಮ್ಸ್ ನದಿ ಹೊಲಸಿನಿಂದ ಎಷ್ಟು ನಾರಿತು ಅಂದರೆ ಪಾರ್ಲಿಮೆಂಟಿನೊಳಗೆ ಕೂಡಾಕ ಆಗಲಿಲ್ಲ. 1858ರ ಆಗಸ್ಟ್ 2ರಂದು ಅಲ್ಲಿ ಎರಡು ಕಾಯ್ದೆ ಆದವು. ಒಂದು, ಭಾರತವನ್ನು ಕಂಪನಿಯಿಂದ ರಾಣಿಯ ಕೈಗೆ ಕೊಟ್ಟದ್ದು. ಇನ್ನೊಂದು, ಲಂಡನ್ನಿನ ಒಳಚರಂಡಿಗೆ ಹಣ ಮತ್ತು ಅಧಿಕಾರ ಕೊಟ್ಟದ್ದು. ಇಂಜಿನಿಯರ್ ಬಾಝಲ್ಜೆಟ್ ಅದನ್ನು ಕಟ್ಟಿದ. 1870ರಲ್ಲಿ ತೆರೆದ ನದಿ ದಂಡೆಯ ಹೊಸ ರಸ್ತೆಯ ಕೆಳಗೆ ಚರಂಡಿ ಬೇರೆ, ಪೈಪುಗಳಿಗೆ ಮನುಷ್ಯ ನಡೆದಾಡುವಷ್ಟು ಸುರಂಗ ಬೇರೆ ಇಟ್ಟಿದ್ದ. ಪೈಪು ಕೆಟ್ಟರೆ ಒಳಗೆ ಹೋಗಿ ಸರಿ ಮಾಡಬೇಕು, ರಸ್ತೆ ಮುಟ್ಟಬಾರದು. ನೌಬಾದಿನ ಬಾವಿ ಬಾಯಿಗಳ ಹಿಂದಿದ್ದದ್ದೂ ಇದೇ ಯೋಚನೆ.

(4/5)
1860ರಲ್ಲಿ ಸುರಪುರವನ್ನು ನಿಜಾಮನಿಗೆ ಕೊಟ್ಟರು. 1871ರಲ್ಲಿ ಮುಂಬಯಿ-ಮದ್ರಾಸ್ ರೈಲು ಮಾರ್ಗ ರಾಯಚೂರಿನಲ್ಲಿ ಕೂಡಿತು, ಯಾದಗಿರಿಗೂ ರೈಲು ಬಂತು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮ ಸರಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರು ಪ್ರವಾಹ ತಡೆಯೋ ಜಲಾಶಯಗಳ ಜೊತೆಗೆ ಊರಿನ ಒಳಚರಂಡಿ ಯೋಜನೆಯನ್ನೂ ಕೊಟ್ಟರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ರಾಜಧಾನಿಗೆ ಎಲ್ಲ ಬಂತು. ಅದೇ ರಾಜ್ಯದ ಗುಲಬರ್ಗಾ ಜಿಲ್ಲೆಯಲ್ಲಿದ್ದ ನಮ್ಮ ಊರುಗಳು ಕೊಡ ಹೊತ್ತು ಬಾವಿಗೆ ನಡೀತಿದ್ದವು.

1956ರಲ್ಲಿ ನಾವು ಕನ್ನಡ ರಾಜ್ಯಕ್ಕೆ ಸೇರಿದೆವು. ಸಣ್ಣ ಊರುಗಳ ನೀರು ಮತ್ತು ಒಳಚರಂಡಿಗೆಂದೇ ಒಂದು ಮಂಡಳಿ ಆಗಲು 1970ರ ದಶಕ ಬರಬೇಕಾಯಿತು. ಯಾದಗಿರಿ ಜಿಲ್ಲೆ ಆದದ್ದು 2009ರ ಡಿಸೆಂಬರ್ 30ರಂದು. ಹಿಂದುಳಿದ ಭಾಗ ಅಂತ ಸಂವಿಧಾನದಲ್ಲಿ 371ಜೆ ಸೇರಿದ್ದು ಅದರ ಮೇಲೆ. ಅಂದರೆ ಇವತ್ತು ನಮ್ಮ ರಸ್ತೆಯಲ್ಲಿ ಇಳಿಯೋ ಪೈಪು ನೂರು ವರ್ಷ ತಡವಾಗಿ ಬಂದ ಪೈಪು. ಅದಕ್ಕೇ ಅದನ್ನು ಕೆಟ್ಟದಾಗಿ ಹಾಕೋ ಹಂಗಿಲ್ಲ.

(5/5)
ಕೆಟ್ಟದಾಗಿ ಹಾಕಿದರೆ ಏನಾಗ್ತದ? ಒಳಚರಂಡಿ ಹರಿಯೋದು ಇಳಿಜಾರಿನಿಂದ, ಕುಡಿಯೋ ನೀರು ಒತ್ತಡದಿಂದ. ಅದಕ್ಕೆ ನೀರಿನ ಪೈಪು ಮೇಲೆ, ಚರಂಡಿ ಪೈಪು ಕೆಳಗೆ, ನಡುವೆ ಅಂತರ ಇರಬೇಕು. ನಮ್ಮಲ್ಲಿ ನಳದ ನೀರು ದಿನಾ ಬರಂಗಿಲ್ಲ. ನೀರು ನಿಂತಾಗ ಪೈಪಿನೊಳಗೆ ಒತ್ತಡ ಬೀಳ್ತದ. ಎಲ್ಲಿ ಸೀಳು ಅದನೋ ಅಲ್ಲಿಂದ ಸುತ್ತಲ ಹೊಲಸು ಒಳಗೆ ಎಳಕೋತದ. ಮರುದಿನ ಆ ನೀರನ್ನೇ ನಾವು ಕೊಡಕ್ಕೆ ಹಿಡೀತೀವಿ. 2008ರ ಸುಮಾರಿಗೆ ಕಲಬುರಗಿಯ ಕೆಲವು ವಾರ್ಡುಗಳಲ್ಲಿ 24 ತಾಸು ನೀರು ಕೊಟ್ಟು ತೋರಿಸಿದರು. ಅದರ ದೊಡ್ಡ ಲಾಭ ಈ ಒತ್ತಡ ಬೀಳದೇ ಇರೋದು.

ಇನ್ನೊಂದು ಮಾತು. ತೆಳುವಾದ, ಇಳಿಜಾರು ತಪ್ಪಿದ ಚರಂಡಿ ಕಟ್ಟಿಕೊಂಡರೆ ಅದರೊಳಗೆ ಯಾರನ್ನ ಇಳಿಸ್ತಾರ ಅನ್ನೋದು ನಿಮಗೂ ಗೊತ್ತು. 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೂ ಗಟ್ಟಿ ಕಾಯ್ದೆ ಆದವು. ಮ್ಯಾನ್‌ಹೋಲಿನಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಬೇಕು ಅಂತ 2014ರಲ್ಲಿ, 30 ಲಕ್ಷ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪೈಪು ಸರಿಯಾಗಿ ಹಾಕೋದು ಒಂದು ಜೀವ ಉಳಿಸೋ ಕೆಲಸ.

ಅದಕ್ಕೆ, ನಿಮ್ಮ ಓಣಿಯ ತಗ್ಗು ಮುಚ್ಚೋ ಮೊದಲು ನಗರಸಭೆಯವರಿಗೆ ಈ ನಾಲ್ಕು ಮಾತು ಕೇಳ್ರಿ. ಯಾವ ಪೈಪು ಎಷ್ಟು ಆಳದಲ್ಲಿ ಅದ ಅನ್ನೋ ನಕ್ಷೆ ಮಾಡಿಟ್ಟೀರೇನು? ಮನೆ ಮನೆಯ ಕನೆಕ್ಷನ್ ಈಗಲೇ ಕೊಡ್ತೀರೇನು, ಇಲ್ಲಾ ಆಮೇಲೆ ಮತ್ತೆ ಅಗೀತೀರೇನು? ಮುಂದೆ ಬರೋ ಕೇಬಲ್ಲಿಗೆ ಖಾಲಿ ಕೊಳವೆ ಬಿಟ್ಟೀರೇನು? ಹೊಸ ರಸ್ತೆ ಅಂಗಡಿ ಹೊಸ್ತಿಲಿಗಿಂತ ಕೆಳಗೇ ಇರ್ತದೇನು, ಮಳೆ ನೀರು ಒಳಗೆ ನುಗ್ಗದಂಗ?

ತಗ್ಗು ತೆರೆದಿರೋವಾಗ ಕೇಳಿದರೆ ಉತ್ತರ ಕಣ್ಣಿಗೇ ಕಾಣ್ತದ. ಹಾಗೇ ಫೋನ್ ತೆಗೆದು ಎರಡು ಫೋಟೋ ಹೊಡೀರಿ, ಎಲ್ಲಿ ಯಾವ ಪೈಪು ಅಂತ ಗುರುತು ಹಾಕಿ ಇಟ್ಕೊಳ್ರಿ. ಹತ್ತು ವರ್ಷದ ಮೇಲೆ ಯಾರಾದ್ರೂ ಜೆಸಿಬಿ ತಂದಾಗ ಊರಿಗೆ ಅದೇ ನಕ್ಷೆ ಆದೀತು.

#ಯಾದಗಿರಿ #ಶಹಾಪುರ #ಸುರಪುರ #ಕಲ್ಯಾಣಕರ್ನಾಟಕ #ನಮ್ಮೂರಇತಿಹಾಸ