ರೋಮಾಂಚ (ನಾಮಪದ)

ಮೈಕೂದಲು ಎಂಬರ್ಥದ ‘ರೋಮನ್’ ಶಬ್ದಕ್ಕೆ ಬಾಗು, ಸುರುಳಿಗೊಳ್ಳು ಎಂಬರ್ಥದ ‘ಅಂಚ್’ ಧಾತು ಸೇರಿ ಆದ ಈ ಸಂಸ್ಕೃತ ಪದಕ್ಕೆ ಪುಲಕ, ರೋಮಹರ್ಷ ಎಂಬ ಪರ್ಯಾಯಗಳಿದ್ದು, ಕನ್ನಡದಲ್ಲಿ ಇದಕ್ಕೆ ಸಂವಾದಿಯಾದ ‘ಮೈನವಿರೇಳು’ ಎಂಬ ನುಡಿಯಲ್ಲಿ ಕೂದಲೆಂಬ ಅರ್ಥದ ಹಳೆಯ ‘ನವಿರ್’ ಉಳಿದುಕೊಂಡಿದೆ. ಭರತನ ನಾಟ್ಯಶಾಸ್ತ್ರವು ಇದನ್ನು 8 ಸಾತ್ತ್ವಿಕ ಭಾವಗಳಲ್ಲಿ, ಅಂದರೆ ಮನಸ್ಸಿನ ಏಕಾಗ್ರತೆಯಿಂದ ಮೈಯಲ್ಲಿ ತೋರುವ ವಿಕಾರಗಳಲ್ಲಿ, ಒಂದೆಂದು ಎಣಿಸಿ, ಸ್ಪರ್ಶ, ಭಯ, ಚಳಿ, ಹರ್ಷ, ಕ್ರೋಧ, ರೋಗಗಳನ್ನು ಅದರ ಕಾರಣಗಳೆಂದು ಹೇಳುತ್ತದೆ.

ರಾಗಾಲಾಪನೆಯಲ್ಲಿ ಗಾಯಕರು ನಿಷಾದದಲ್ಲಿ ತಡೆದು ನಿಂತು, ಕೇಳುಗರ ನಿರೀಕ್ಷೆಯನ್ನು ಬೆಳೆಸಿ, ಕೊನೆಗೆ ತಾರಷಡ್ಜವನ್ನು ಮುಟ್ಟಿದಾಗ ಬೆನ್ನುಹುರಿಯುದ್ದಕ್ಕೂ ಜುಮ್ಮೆಂದು ತೋಳಿನ ಕೂದಲು ನಿಮಿರುವುದುಂಟು. ಕೂದಲ ಬುಡಕ್ಕೆ ಅಂಟಿಕೊಂಡಿರುವ, ಇಚ್ಛೆಗೆ ಒಳಪಡದ ಕಿರುಸ್ನಾಯುಗಳು ನರಗಳ ಪ್ರಚೋದನೆಯಿಂದ ಸಂಕುಚಿಸುವುದೇ ಇದರ ದೈಹಿಕ ಕಾರಣ. ಇಂಥ ಅನುಭವದ ವೇಳೆ ಮೆದುಳಿನಲ್ಲಿ ಸುಖಾನುಭವಕ್ಕೆ ಸಂಬಂಧಿಸಿದ ಭಾಗಗಳು ಚುರುಕಾಗುವುದನ್ನು ಆನ್ ಬ್ಲಡ್ ಮತ್ತು ರಾಬರ್ಟ್ ಝಟೋರೆ 2001ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿದರು.

ಇಂದಿನ ಬಳಕೆಯಲ್ಲಿ ‘ರೋಮಾಂಚನ’ ಎಂಬ ರೂಪವೇ ಹೆಚ್ಚು ರೂಢವಾಗಿದ್ದು, ‘ರೋಮಾಂಚಕ’ ಎಂಬ ವಿಶೇಷಣವು ಕ್ರಿಕೆಟ್ ವರದಿ, ಪತ್ತೇದಾರಿ ಕಥೆಗಳಲ್ಲಿ ಮೈಕೂದಲಿನ ನಂಟನ್ನು ಬಹುಮಟ್ಟಿಗೆ ಕಳೆದುಕೊಂಡು ಕುತೂಹಲ ಕೆರಳಿಸುವ ಎಂಬರ್ಥದಲ್ಲಷ್ಟೇ ಬಳಕೆಯಾಗುತ್ತಿದೆ.