ಖಾನಾವಳಿ ರೊಟ್ಟಿ ಜಿಡಿಪಿಗೆ, ಅವ್ವನ ರೊಟ್ಟಿ ಯಾವ ಲೆಕ್ಕಕ್ಕೆ?

ಶಿಗ್ಗಾಂವಿ ತಾಲ್ಲೂಕಿನ ಹುಲಗೂರಿನಲ್ಲಿ ಒಂದು ಮನೆಯವರು ತಮ್ಮ ಹೊಲದ ಜೋಳವನ್ನು ಮಾರದೆ ತಾವೇ ಉಂಡರೂ ಆ ಜೋಳ ಜಿಡಿಪಿ ಲೆಕ್ಕಕ್ಕೆ ಸೇರುತ್ತದೆ. ಖಾನಾವಳಿಯಲ್ಲಿ ಬಡಿದು ಮಾರಿದ ರೊಟ್ಟಿಯೂ ಸೇರುತ್ತದೆ. ಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಕೆಲಸ ಮಾತ್ರ ಸೇರಲ್ಲ.

ಇದು ಕಣ್ತಪ್ಪಲ್ಲ, ನಿಯಮ. ವಿಶ್ವಸಂಸ್ಥೆಯ ರಾಷ್ಟ್ರೀಯ ಲೆಕ್ಕ ಪದ್ಧತಿಯಲ್ಲಿ ಮನೆಬಳಕೆಗೆ ಬೆಳೆದ ವಸ್ತು ‘ಉತ್ಪಾದನೆ’. ಮನೆಯವರಿಗಾಗಿ ಕೂಲಿಯಿಲ್ಲದೆ ಮಾಡುವ ಅಡುಗೆ, ಕಸಮುಸುರೆ, ಆರೈಕೆ ಅಲ್ಲ. ನ್ಯೂಜಿಲೆಂಡಿನ ಮರಿಲಿನ್ ವೇರಿಂಗ್ 1988ರಲ್ಲಿ ಪುಸ್ತಕ ಬರೆದು ಪ್ರಶ್ನಿಸಿದ್ದು ಈ ಗೆರೆಯನ್ನೇ. ಅದಕ್ಕೂ ಮೊದಲೇ, 1970ರ ದಶಕದಲ್ಲಿ, ಮೈಸೂರಿನಲ್ಲಿ ಹುಟ್ಟಿದ ದೇವಕಿ ಜೈನ್ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಜನರ ದಿನದ ಸಮಯ ಹೇಗೆ ಕಳೆಯುತ್ತದೆ ಎಂದು ಅಧ್ಯಯನ ಮಾಡಿದ್ದರು. ಸರ್ಕಾರಿ ಸಮೀಕ್ಷೆಗಳು ‘ದುಡಿಯದವರು’ ಎಂದು ಬಿಟ್ಟ ಎಷ್ಟೋ ಹೆಂಗಸರು ದುಡಿಯುತ್ತಿದ್ದುದು ಆಗ ಕಂಡುಬಂತು.

ಪಠ್ಯದಲ್ಲಿ ಏನಿದೆ?

ಪಠ್ಯ ಪೂರ್ತಿ ಮೌನವಾಗಿಲ್ಲ. ಎನ್‌ಸಿಇಆರ್‌ಟಿಯ 12ನೇ ತರಗತಿ ಸಮಷ್ಟಿ ಅರ್ಥಶಾಸ್ತ್ರ ಪುಸ್ತಕದಲ್ಲಿ ಜಿಡಿಪಿ ಯಾಕೆ ಜನಕಲ್ಯಾಣದ ಸರಿಯಾದ ಅಳತೆಯಲ್ಲ ಎಂಬುದಕ್ಕೆ ಕೊಟ್ಟ ಕಾರಣಗಳಲ್ಲಿ ಹೆಂಗಸರ ಮನೆಗೆಲಸವೂ ಒಂದು. ನನ್ನ ತಕರಾರು ಇರುವುದು ಅದರ ಜಾಗದ ಬಗ್ಗೆ. ಅದು ಪರೀಕ್ಷೆಗೆ ಬಾಯಿಪಾಠ ಮಾಡುವ ಒಂದು ಪಾಯಿಂಟ್ ಆಗಿ ಮುಗಿದುಹೋಗುತ್ತದೆ. ಪಾಠ ಶುರುವಾಗಬೇಕಾದದ್ದೇ ಅಲ್ಲಿಂದ.

ಎಷ್ಟು ಕೆಲಸ ಹೊರಗುಳಿದಿದೆ?

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರು 88 ನಿಮಿಷ. ಹಾಗೆ ಮಾಡುವ ಗಂಡಸರ ಸಂಖ್ಯೆಯೇ ಕಡಿಮೆ ಅನ್ನೋದನ್ನೂ ನೆನಪಿಡಿ.

ತರಗತಿಯಲ್ಲಿ ಏನು ಮಾಡಬಹುದು?

ಮಕ್ಕಳು ಮನೆಯ ಎಲ್ಲರ 24 ಗಂಟೆಯ ಪಟ್ಟಿ ಬರೆದು ತರಲಿ. ಯಾವುದಕ್ಕೆ ಕೂಲಿ ಸಿಗುತ್ತದೆ, ಯಾವುದಕ್ಕೆ ಇಲ್ಲ ಎಂದು ವಿಂಗಡಿಸಲಿ. ಆಮೇಲೆ ‘ಶ್ರಮ’, ‘ಉತ್ಪಾದನೆ’, ‘ನಿರುದ್ಯೋಗ’ ಎಂಬ ಪದಗಳ ವ್ಯಾಖ್ಯೆ ಓದಲಿ. “ನಮ್ಮವ್ವ ಏನೂ ಮಾಡಂಗಿಲ್ಲ, ಮನ್ಯಾಗ ಇರ್ತಾಳ” ಎಂಬ ಮಾತು ಆಗ ನಿಲ್ಲುವುದು ಕಷ್ಟ. ಹಾವೇರಿ ಜಿಲ್ಲೆಯದ್ದೇ ಆದ ಬ್ಯಾಡಗಿ ಮೆಣಸಿನಕಾಯಿಯ ಪಾಠವನ್ನೂ ದರದ ಏರಿಳಿತಕ್ಕೆ ನಿಲ್ಲಿಸದೆ, ಕಾಯಿ ಬಿಡಿಸುವವರು, ತೊಟ್ಟು ತೆಗೆಯುವವರು ಯಾರು, ಅವರ ಕೂಲಿ ಎಷ್ಟು, ಹೊಲ ಯಾರ ಹೆಸರಿನಲ್ಲಿದೆ ಎಂದು ಕೇಳಬಹುದು.

ಮನೆಗೆಲಸಕ್ಕೆ ಬೆಲೆ ಕಟ್ಟಿದರೆ ಹೆಂಗಸರು ಅಡುಗೆಮನೆಗೇ ಕಾಯಂ ಆಗುವುದಿಲ್ಲವೇ? ಸ್ತ್ರೀವಾದಿಗಳೊಳಗೇ ಇರುವ ಚರ್ಚೆ ಇದು. ಡಯೇನ್ ಎಲ್ಸನ್ ಹೇಳುವ ದಾರಿಯಲ್ಲಿ ಮೂರು ಹೆಜ್ಜೆಗಳಿವೆ: ಈ ಕೆಲಸವನ್ನು ಗುರುತಿಸುವುದು, ಅದರ ಹೊರೆ ಇಳಿಸುವುದು, ಉಳಿದದ್ದನ್ನು ಹಂಚಿಕೊಳ್ಳುವುದು. ನಲ್ಲಿ ನೀರು, ಅಂಗನವಾಡಿ ಎಲ್ಲ ಎರಡನೆಯದಕ್ಕೆ ಸೇರುತ್ತವೆ. ಹಾಗಾಗಿ ಅವು ಆರ್ಥಿಕ ನೀತಿಯ ವಿಷಯಗಳೇ.

ಯಾಕೆ ಈಗ?

2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಜಾರಿಯಾಗಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಎಂದಾಗ ಅದನ್ನು ‘ಬಿಟ್ಟಿ ಭಾಗ್ಯ’ ಎಂದು ಹಂಗಿಸಿದವರು ಬಹಳ. ಆ ಹಣ ಮನೆಗೆಲಸದ ಕೂಲಿಯಲ್ಲ, ನಿಜ. ಯೋಜನೆಯನ್ನು ಟೀಕಿಸಬಾರದು ಅಂತಲೂ ನಾನು ಹೇಳ್ತಿಲ್ಲ. ಆದರೆ ದಿನಕ್ಕೆ 289 ನಿಮಿಷ ಬಿಟ್ಟಿಯಾಗಿ ದುಡಿಯುತ್ತಿರುವವರು ಯಾರು ಎಂದು ಶಾಲೆಯಲ್ಲೇ ಲೆಕ್ಕ ಹಾಕಿ ಕಲಿತಿದ್ದರೆ, ಆ ಪದವನ್ನು ಯಾರ ಮೇಲೆ ಬಳಸುತ್ತೇವೆ ಎಂದು ಒಮ್ಮೆಯಾದರೂ ಯೋಚಿಸುತ್ತಿದ್ದೆವು.